ಜಟಗನ ಕಟ್ಟೆಯೆದುರು ನಿಲ್ಲುತ್ತಿದ್ದ ಕಾರು

ದೇವಿದಾಸ ತೀರಿಕೊಂಡಿದ್ದು ಕಾರಿನಲ್ಲೇ. ರಾಮನಗುಳಿಯಿಂದ ಅಂಕೋಲೆಗೆ ಬರುವಾಗ ಎದೆ ಹಿಡಿದುಕೊಂಡಿತಂತೆ. ರಸ್ತೆಬದಿಯ ದೇವರು ಜಟಗನ ಕಟ್ಟೆಯ ಪಕ್ಕ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಾಗೇ ಸೀಟಿಗೆ ಒರಗಿದ್ದ.

ಆಮೇಲೆ ಆ ಕಾರನ್ನು ಮಗ ರೂಪೇಶ ಓಡಿಸತೊಡಗಿದ. ರಾಮನಗುಳಿಗೆ ಕೊಟ್ಟ ಮಗಳು ನೀತಾಳನ್ನು ನೋಡಿಕೊಂಡು ತಾಯಿ ಮಗ ಅಮದಳ್ಳಿಗೆ ತಿರುಗಿ ಬರುವಾಗೆಲ್ಲ, ಅದೇ ಕಟ್ಟೆಯೆದುರು ಎಂಜಿನ್ ತಾನಾಗಿ ಬಂದ್ ಬೀಳುತ್ತಿತ್ತು. ರೂಪೇಶ ಬೈಯುತ್ತ ಕೀಲಿ ತಿರುವುತ್ತಿದ್ದ. ಹಿಂದೆ ಕೂತ ಜಯಂತಿ ಮಾತ್ರ ಸೆರಗು ಎಳೆದುಕೊಂಡು ಒಂದು ಬದಿಗೆ ಸರಿಯುತ್ತಿದ್ದಳು. ಗಂಡ ಹತ್ತಿ ಕೂತದ್ದು ಅವಳಿಗೆ ಗೊತ್ತಾಗುತ್ತಿತ್ತು. ಊರು ಮುಟ್ಟುವವರೆಗೂ ಪಕ್ಕದಲ್ಲಿ ಅವನ ಬೀಡಿಯ ವಾಸನೆ. ಅಂಗಳಕ್ಕೆ ಬಂದರೆ ಏನೂ ಇಲ್ಲ.

ಒಂದು ಸಲ ಹಾಗೆ ನಿಂತಾಗ ಹಿಂದಿನ ಲಾರಿ ಗೇಣು ದೂರದಲ್ಲಿ ಬ್ರೇಕ್ ಹಾಕಿತು. ರೂಪೇಶ ಕಾರನ್ನು ನೇರ ಬಿಣಗಾಕ್ಕೆ, ಅಪ್ಪನ ಗೆಳೆಯ ಭಾಸ್ಕರನ ಗ್ಯಾರೇಜಿಗೆ ತಂದ. ಭಾಸ್ಕರ ಕರ್ರಗಿನ ಒಂದು ಸಾಮಾನು ಬಿಚ್ಚಿ ತೋರಿಸಿದ.

"ನೋಡಿ ವೈನಿ, ಇಜಿಆರ್ ವಾಲ್ವ್ ಇದು. ಸುಟ್ಟ ಹೊಗೇಲಿ ಸ್ವಲ್ಪ ತಿರುಗಿ ಎಂಜಿನ್ನಿಗೇ ಕುಡಿಸ್ತದೆ, ಹೊರಗೆ ವಿಷ ಕಮ್ಮಿ ಹೋಗ್ಲಿ ಅಂತ. ಮಸಿ ಕಟ್ಟಿ ಇದರ ಬಾಯಿ ತೆರೆದೇ ಉಳದದೆ. ಜೋರು ಹೋಗುವಾಗ ತಿಳಿಯೂದಿಲ್ಲ. ನಿಮ್ಮ ಈ ಭಕ್ತ ಮಗ ಜಟಗನಿಗೆ ಕೈ ಮುಗೀಲಿಕ್ಕೆ ಸ್ಲೋ ಮಾಡ್ತಾನಲ್ಲ, ಆಗ ಹೊಗೆ ಹೆಚ್ಚಾಗಿ ಉಸಿರು ಕಟ್ತದೆ."

"ಅಂಕೋಲೆ ಪೇಟೆಯಲ್ಲೂ ನಿಂತಿತ್ತಲ್ಲ ಆಯಿ," ಎಂದ ರೂಪೇಶ.

ಅದನ್ನು ಜಯಂತಿ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಈ ಮಸಿ ಯಾವಾಗಿಂದು?"

"ಸುಮಾರು ವರ್ಷದ್ದು. ಹೆಚ್ಚಿನದು ದೇವಿದಾಸಣ್ಣ ಓಡಿಸಿದಾಗಿಂದೇ."

"ತೊಳೀಲೇಬೇಕಾ?"

"ಲಾರಿ ಮೈಮೇಲೆ ಹತ್ತೂದಿತ್ತು, ಆಯಿ! ಅಪ್ಪನ ಸಂಗ್ತಿಗೆ ನಾನೂ ಹೋಗೂದಾ?"

ಅವಳು ಮಗನ ಮುಖ ನೋಡಿದಳು. "ತೊಳಿ ಭಾಸ್ಕರ," ಎಂದಳು.

ಮುಂದಿನ ಸಲ ರಾಮನಗುಳಿಯಿಂದ ಹೊರಟಾಗ ನಡುಮಧ್ಯಾಹ್ನ. ಕಟ್ಟೆ ಬಂತು. ರೂಪೇಶ ನಿಧಾನ ಮಾಡಿ ಕೈ ಮುಗಿದ. ಜಯಂತಿ ಆಗಲೇ ಸರಿದು ಜಾಗ ಬಿಟ್ಟಿದ್ದಳು. ಎಂಜಿನ್ ನಿಲ್ಲಲಿಲ್ಲ.

"ಕಂಡ್ಯಾ ಆಯಿ? ಹೂವಿನ ಹಾಗೆ!"

ಪಕ್ಕದ ಸೀಟಿನ ಮೇಲೆ ಬರೀ ಬಿಸಿಲು ಬಿದ್ದಿತ್ತು. ಅವಳು ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದಳು. ಕಟ್ಟೆಯ ನೆರಳಲ್ಲಿ ಯಾರೋ ನಿಂತಿದ್ದರು, ಬಸ್ಸು ತಪ್ಪಿದವರ ಹಾಗೆ ಕೈ ಅರ್ಧ ಎತ್ತಿ.

"ನಿಲ್ಸು."

"ಎಂತಕ್ಕೆ?"

"ಬಿಟ್ಟು ಬಂದ್ವಿ ಮಗಾ. ನಿಲ್ಸು ಅಂದೆ!"

ರೂಪೇಶ ರಸ್ತೆಯಂಚಿಗೆ ತಂದು ನಿಲ್ಲಿಸಿದ. ಜಯಂತಿ ಖಾಲಿ ಬದಿಯ ಬಾಗಿಲು ತೆರೆದು ಹಿಡಿದು ಕಾದಳು.

"ಯಾರೂ ಇಲ್ಲ ಆಯಿ, ಸುಮ್ನೆ ನೀನು..."

ಗಾಡಿ ಆ ಬದಿಗೆ ಒಂಚೂರು ತಗ್ಗಿತು.

ಜಯಂತಿ ಬಾಗಿಲೆಳೆದುಕೊಂಡಳು. "ಹೋಗು ಈಗ," ಎಂದಳು.

ಅಮದಳ್ಳಿ ಮುಟ್ಟುವವರೆಗೆ ರೂಪೇಶ ಒಂದು ಸಲವೂ ಕನ್ನಡಿ ನೋಡಲಿಲ್ಲ.