ತುಂಬದೆ ಹೊರಡದ ಗಾಡಿ

ಜಲ್ಲೂಲನ ಕಾಲು ಕೆಟ್ಟಿದೆಯೋ, ಅವನ ಹಳೇ ಪೆಜೊ ಗಾಡಿಯ ಬ್ರೇಕು ಕೆಟ್ಟಿದೆಯೋ ಎಂಬುದು ಆ ಚಳಿಗಾಲವಿಡೀ ಮಹ್ದಿಯಾ ಪಟ್ಟಣದ ಲುವಾಜ್ ನಿಲ್ದಾಣದಲ್ಲಿ ಎಲ್ಲರ ಬಾಯಿಗೂ ಬಿದ್ದಿತ್ತು. ಲುವಾಜ್ ಎಂದರೆ ಊರಿಂದೂರಿಗೆ ಜನ ಸಾಗಿಸುವ ಬಾಡಿಗೆ ಗಾಡಿ. ಅದಕ್ಕೆ ಹೊತ್ತುಗೊತ್ತಿಲ್ಲ. ಸೀಟು ತುಂಬಿದರೆ ಹೊರಟಿತು, ತುಂಬದಿದ್ದರೆ ಸಂಜೆಯವರೆಗೂ ನಿಂತಿತು. ಜಲ್ಲೂಲ್ ಆಯುಸ್ಸೆಲ್ಲ ಸ್ಫಾಕ್ಸಿನ ದಾರಿಯಲ್ಲಿ ಅದನ್ನೇ ಓಡಿಸಿದವನು. ಈಗ ನಿಲ್ದಾಣದ ತುಂಬ ಬಿಳಿ ವ್ಯಾನುಗಳು. ಅವನು ಪರವಾನಗಿ ಬಿಟ್ಟುಕೊಟ್ಟು ಗಾಡಿಯನ್ನು ಮಾತ್ರ ತನಗೆಂದು ಇಟ್ಟುಕೊಂಡಿದ್ದ.

ಪೀಡೆ ಶುರುವಾದದ್ದು ಅಲ್ಲಿಂದಲೇ. ಒಂದು ದಿನ ಎಣ್ಣೆ ಗಾಣಕ್ಕೆ ಹೋಗುವಾಗ ಕುರಿ ಅಡ್ಡ ಬಂತೆಂದು ಬ್ರೇಕ್ ಒತ್ತಿದ. ಹಿಂದಿನ ಎರಡೂ ಚಕ್ರ ಕಚ್ಚಿಕೊಂಡು, ಗಾಡಿಯ ಹಿಂಭಾಗ ಸರ್ರನೆ ತಿರುಗಿ ಮುಂದಕ್ಕೆ ಬಂದುಬಿಟ್ಟಿತು. ಕುರಿ ಉಳಿಯಿತು, ಜಲ್ಲೂಲನ ಜೀವ ಬಾಯಿಗೆ ಬಂತು. ಇನ್ನೊಂದು ದಿನ ಬೇಕರಿಯ ಗೋಡೆಗೆ ಗೇಣು ದೂರದಲ್ಲಿ ಅಡ್ಡಡ್ಡ ನಿಂತ. ಒಳಗಿದ್ದವರು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದರು.

ಮಗಳು ಶಾದ್ಲಿಯಾಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಅವಳು ಆಸ್ಪತ್ರೆಯ ನರ್ಸು, ರಸ್ತೆಯಲ್ಲಿ ಬಿದ್ದವರನ್ನು ದಿನಾ ನೋಡುವವಳು.

“ಬಾಬಾ, ನಿನ್ನ ಕಾಲಿಗೆ ಅಂದಾಜು ಸಿಗ್ತಿಲ್ಲ. ಮೆಲ್ಲಗೆ ಇಟ್ಟೆ ಅನ್ಕೋತೀಯ, ತುಳಿದೇ ಬಿಟ್ಟಿರ್ತೀಯ.”

“ನನ್ನ ಕಾಲು ನಂಗೆ ಗೊತ್ತಿಲ್ವೇನೇ?”

“ಬೇಕರಿ ಗೋಡೇನ ಕೇಳು, ಹೇಳತ್ತೆ. ಖಮೈಸ್ ಒಂದ್ಸಲ ನೋಡಲಿ. ಗಾಡೀಲಿ ಏನೂ ಇಲ್ಲ ಅಂದ್ರೆ ಕೀ ನಂಗೆ ಕೊಡ್ಬೇಕು. ಮಾರಿಬಿಡೋಣ.”

ಸರಿ ಎಂದ.

ಖಮೈಸ್ ನಿಲ್ದಾಣದಲ್ಲೇ ಗ್ಯಾರೇಜಿಟ್ಟವನು. ಅವನಪ್ಪನೂ ಅಲ್ಲೇ ಗಾಡಿಗಳ ಕೆಳಗೆ ಮಲಗಿ ಮುದುಕನಾದವನು. ಹಿಂದಿನ ಚಕ್ರ ಬಿಚ್ಚಿ, ಬ್ರೇಕ್ ಡ್ರಮ್ ಕಳಚಿ, ಒಳಗಿನ ಲೈನಿಂಗಿನ ಮೇಲೆ ಎಣ್ಣೆ ಇಳಿದಿರಬಹುದೆಂದು ಬೆರಳಾಡಿಸಿದ. ಒಣಗಿತ್ತು. ಹ್ಯಾಂಡ್‌ಬ್ರೇಕಿನ ಕೇಬಲ್ ಎಲ್ಲೂ ಕಚ್ಚಿಕೊಂಡಿರಲಿಲ್ಲ. ರಬ್ಬರ್ ಪೈಪು ಒಳಗೊಳಗೇ ಊದಿಕೊಂಡಿರಬಹುದೆಂದು ಹೊಸದು ಹಾಕಿದ. ಮುಂದಿನ ಬ್ರೇಕು ಹಿಡಿಯದಿದ್ದರೂ ಹಿಂದಿನದು ಹೀಗೆ ಕಚ್ಚುತ್ತದೆಂದು ಅದನ್ನೂ ಬಿಚ್ಚಿ ನೋಡಿದ. ಎಲ್ಲ ಚೆನ್ನಾಗಿತ್ತು. ಚೆನ್ನಾಗಿದ್ದಷ್ಟೂ ಜಲ್ಲೂಲನ ಎದೆ ಕುಗ್ಗಿತು.

“ಬನ್ನಿ ಸೀ ಜಲ್ಲೂಲ್, ಓಡಿಸಿ ನೋಡೋಣ,” ಎಂದ ಖಮೈಸ್. ಹಿರಿಯರನ್ನು ಅಲ್ಲಿ ಗೌರವದಿಂದ ‘ಸೀ’ ಎಂದೇ ಕರೆಯುವುದು.

ಆ ನಿಲ್ದಾಣದಲ್ಲಿ ಹೊರಟ ಗಾಡಿಯನ್ನು ಜನ ಹಾಗೇ ಬಿಡುತ್ತಾರೆಯೇ? ಕಾಫಿ ಅಂಗಡಿಯ ಹಮ್ಮಾದಿಗೆ ಮೀನು ಪೇಟೆಗೆ ಹೋಗಬೇಕಿತ್ತು. ಇಬ್ಬರು ಹಳೇ ಡ್ರೈವರುಗಳಿಗೆ ತಮಾಷೆ ನೋಡಬೇಕಿತ್ತು. ಖಮೈಸನ ಭಾವಮೈದ ಹತ್ತಿದ, ಅವನ ಹೆಂಡತಿ ಹತ್ತಿದಳು, ಅವಳ ರವೆ ಮೂಟೆಯೂ ಹತ್ತಿತು. ಸಮುದ್ರದ ದಾರಿಯಲ್ಲಿ ಜಲ್ಲೂಲ್ ಬ್ರೇಕ್ ಒತ್ತಿದ. ಗಾಡಿ ಸಾಕಿದ ಕತ್ತೆಯ ಹಾಗೆ ನೆಟ್ಟಗೆ ನಿಂತಿತು. ಬಲವಾಗಿ ತುಳಿದ. ಆಗಲೂ ನೆಟ್ಟಗೆ.

“ಗಾಡಿಗೇನೂ ಆಗಿಲ್ಲ ಕಣ್ರಪ್ಪ,” ಎಂದ ಹಮ್ಮಾದಿ. “ಸೀ ಜಲ್ಲೂಲ್‌ಗೆ ಇನ್ನೊಂದು ಮದುವೆ ಮಾಡ್ಸಿ, ಕಾಲು ತಾನಾಗೇ ಸರಿಹೋಗತ್ತೆ.”

ಎಲ್ಲರೂ ನಕ್ಕರು. ಜಲ್ಲೂಲನೂ ಹಲ್ಲು ಕಿರಿದ. ಮಾರನೆಯ ಬೆಳಿಗ್ಗೆ ಕೋಟೆಯ ಹಿಂದಿನ ಖಾಲಿ ಬೀದಿಯಲ್ಲಿ ಒಬ್ಬನೇ ಒತ್ತಿ ನೋಡಿದ. ಗಾಡಿ ಮತ್ತೆ ಗಿರಕಿ ಹೊಡೆಯಿತು. ಖಮೈಸನ ಬಳಿ ಓಡಿದ. ಮತ್ತೆ ಎಲ್ಲರೂ ಹತ್ತಿದರು, ಮತ್ತೆ ಕತ್ತೆ ನೆಟ್ಟಗೆ ನಿಂತಿತು. ಇದೆಂಥ ಮಾಯೆ? ಆಮೇಲೆ ಅವನು ನಿಂತ ಗಾಡಿಯಲ್ಲೇ ಕೂತು, ಪೆಡಲಿನ ಮೇಲಿದ್ದ ತನ್ನ ಪಾದವನ್ನು ಯಾರದೋ ಪಾದವೆಂಬಂತೆ ನೋಡಿದ. ಮೆಲ್ಲಗೆ ಒತ್ತು ಎಂದರೆ ಅದು ಮೆಲ್ಲಗೇ ಒತ್ತುತ್ತಿತ್ತು. ಅಥವಾ ಹಾಗೆಂದು ಅವನಿಗೆ ಅನಿಸುತ್ತಿತ್ತು. ಅನಿಸಿದ್ದನ್ನು ನಂಬುವುದೋ ಬಿಡುವುದೋ ತಿಳಿಯಲಿಲ್ಲ.

ಶುಕ್ರವಾರ ಕುಸ್‌ಕುಸ್ ಉಂಡಾದ ಮೇಲೆ ಮಗಳ ಕೈಗೆ ಕೀ ಇಟ್ಟ.

“ನಿಂಗೆ ಬೇಜಾರಾ?” ಎಂದಳು.

“ಸತ್ತು ಹೋಗೋಷ್ಟು,” ಎಂದ.

ಅವಳು ಮುಖ ತಿರುಗಿಸಿಕೊಂಡಳು. ಕೊಳ್ಳುವವನಿಗೆ ತೋರಿಸಲು ಗಾಡಿಯನ್ನು ತಾನೇ ಒಯ್ಯುತ್ತೇನೆಂದಳು. ಜಲ್ಲೂಲ್ ಗ್ಯಾರೇಜಿನ ಬಾಗಿಲಲ್ಲಿ ಖಮೈಸನ ಪಕ್ಕ ನಿಂತು ನೋಡಿದ. ಶಾದ್ಲಿಯಾ ನಿಲ್ದಾಣದ ಗೇಟು ಮುಟ್ಟುವ ಹೊತ್ತಿಗೆ ಮುಂದಿದ್ದ ವ್ಯಾನೊಂದು ರಿವರ್ಸಿನಲ್ಲಿ ಅವಳತ್ತ ಬಂತು. ಅವಳು ಬ್ರೇಕ್ ಒತ್ತಿದಳು. ಹಿಂದಿನ ಚಕ್ರಗಳು ಕಿರುಚಿಕೊಂಡವು, ಗಾಡಿ ಬಾಲ ಬೀಸಿ, ಕಿತ್ತಳೆ ಅಂಗಡಿಯ ಬುಟ್ಟಿಗಳನ್ನು ಕೆಡವಿ ಅಡ್ಡಡ್ಡ ನಿಂತಿತು.

ಜಲ್ಲೂಲ್ ಬಿದ್ದಂಬೀಳ ಓಡಿದ. ಮಗಳ ಜೀವ ಹೇಗಿದೆಯೋ ಎಂಬ ಭಯದ ಅಡಿಯಲ್ಲೇ ಹಾಳಾದ್ದೊಂದು ಸಂತೋಷವೂ ಉಕ್ಕುತ್ತಿತ್ತು. ತನ್ನ ಕಾಲಲ್ಲ, ತನ್ನ ಕಾಲಲ್ಲ! ಥೂ, ಎಂಥ ತಂದೆ ನಾನು ಎಂದು ಅವನಿಗೆ ನಾಚಿಕೆಯಾಯಿತು.

“ಮೆಲ್ಲಗೇ ಒತ್ತಿದ್ದು ಬಾಬಾ,” ಎಂದಳು ಶಾದ್ಲಿಯಾ. ಮುಖ ಸುಣ್ಣದಂತಾಗಿತ್ತು.

“ನಾವು ಹೋದಾಗ ಯಾಕೆ ಹಿಂಗೆ ಮಾಡ್ಲಿಲ್ಲ ಇದು?” ಎಂದು ಖಮೈಸ್ ತಲೆ ಕೆರೆದುಕೊಂಡ.

ಜಲ್ಲೂಲ್ ಮಗಳ ಬೆನ್ನ ಹಿಂದಿನ ಸೀಟುಗಳನ್ನು ನೋಡುತ್ತಿದ್ದ. “ಒಳಗೆ ಯಾರೂ ಇಲ್ಲ ಖಮೈಸ್,” ಎಂದ. “ನಾನು ಹೋದಾಗಲೂ ಯಾರೂ ಇರ್ಲಿಲ್ಲ. ಕೆಳಗೆ ನುಗ್ಗು. ಹಿಂದಿನ ಆ್ಯಕ್ಸಲ್ ಹತ್ರ ತಂತಿ ಇದೆಯಾ ನೋಡು.”

“ಇದೆ. ಅದು ಎಲ್ಲ ಲುವಾಜ್‌ಗೂ ಇರತ್ತಲ್ಲ, ಕಂಪನಿಯವರೇ ಹಾಕಿರೋದು.”

“ಕಂಪನಿಯವರಲ್ಲ ಮಾರಾಯ. ನಾವು.”

ಆ ಗಾಡಿಯ ಹಿಂದಿನ ಆ್ಯಕ್ಸಲಿನ ಬಳಿ ಒಂದು ಸನ್ನೆ, ಅಂದರೆ ಲಿವರ್, ಇರುತ್ತದೆ. ಗಾಡಿ ಭಾರವಾಗಿ ತಗ್ಗಿದರೆ ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚು ಬಿಡುತ್ತದೆ, ಹಗುರಾದರೆ ಕಡಿಮೆ. ನಿಲ್ದಾಣದ ಡ್ರೈವರುಗಳಿಗೆ ಹಗುರ ಎಂಬುದೇ ಗೊತ್ತಿರಲಿಲ್ಲ. ಸದಾ ತುಂಬಿದ ಗಾಡಿಗೆ ಈ ಸನ್ನೆಯ ಆಟ ಯಾಕೆಂದು, ಗಾಡಿ ಕೊಂಡ ದಿನವೇ ಅದನ್ನು ತುಂಬು ಭಾರದ ಜಾಗಕ್ಕೆ ಎಳೆದು ತಂತಿಯಲ್ಲಿ ಬಿಗಿದುಬಿಡುತ್ತಿದ್ದರು. ಈಗ ಖಾಲಿ ಗಾಡಿಗೂ ತುಂಬು ಭಾರದ ಒತ್ತಡವೇ ಬಿದ್ದು, ಹಗುರಾದ ಹಿಂದಿನ ಚಕ್ರಗಳು ಕಚ್ಚಿಕೊಳ್ಳುತ್ತಿದ್ದವು. ಹುಟ್ಟಿದಾಗಿನಿಂದ ಆ ತಂತಿ ನೋಡಿದ ಖಮೈಸನಿಗೆ ಅದು ಕಣ್ಣಿಗೆ ಬಿದ್ದಿತ್ತು, ಬುದ್ಧಿಗೆ ಬಿದ್ದಿರಲಿಲ್ಲ.

“ಅಂದ್ರೆ ಕಟ್ಟಿದ್ದು ನೀನೇ,” ಎಂದಳು ಮಗಳು.

“ನಾನೇ. ನೀನಿನ್ನೂ ಹುಟ್ಟಿರ್ಲಿಲ್ಲ.”

ಅವಳಿಗೆ ನಗು ಬಂತೋ ಅಳು ಬಂತೋ, ಅಪ್ಪನ ಕೈ ಹಿಡಿದು ಕೀಯನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ಖಮೈಸ್ ತಂತಿ ಕತ್ತರಿಸಿ ಸನ್ನೆಯನ್ನು ಸರಿಯಾಗಿ ಕೂರಿಸಿದ. ಹತ್ತಲು ಬಂದ ಹಮ್ಮಾದಿಯನ್ನು ಗದರಿ ಕೆಳಗಿಳಿಸಿ, “ನೀವೊಬ್ರೇ ಹೋಗಿ,” ಎಂದ. ಸಮುದ್ರದ ದಾರಿಯಲ್ಲಿ ಜಲ್ಲೂಲ್ ಕಣ್ಣು ಮುಚ್ಚುವಷ್ಟು ಹೆದರಿಕೆಯಲ್ಲೇ ಬ್ರೇಕ್ ತುಳಿದ. ಗಾಡಿ ನೆಟ್ಟಗೆ ನಿಂತಿತು.

“ನೋಡಿದ್ರಾ?” ಎಂದು ಹಿಂದಕ್ಕೆ ತಿರುಗಿದ.

ಸೀಟುಗಳೆಲ್ಲ ಖಾಲಿ. ಅಲ್ಲಿ ಯಾವಾಗಲೂ ಯಾರೋ ಕಿತ್ತಳೆ ಸುಲಿಯುತ್ತಿದ್ದರು, ಯಾರೋ ಜಗಳವಾಡುತ್ತಿದ್ದರು, ಯಾರೋ ಪಕ್ಕದವರ ಹೆಗಲ ಮೇಲೆ ಬಾಯಿ ಬಿಟ್ಟು ಮಲಗಿರುತ್ತಿದ್ದರು. ಜಲ್ಲೂಲನಿಗೆ ಅಳು ಒತ್ತರಿಸಿ ಬಂತು. ಕೀ ಕೈಗೆ ಬಂದಿದೆ, ಕಾಲು ಸರಿಯಿದೆ, ಗಾಡಿ ಸರಿಯಿದೆ, ಮತ್ಯಾಕೆ ಅಳು ಎಂದು ಅವನಿಗೇ ತಿಳಿಯಲಿಲ್ಲ.