ಎಂಟು ದಿನದ ಸಮುದ್ರ

ಆಗಸ್ಟ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಆರೂವರೆಗೆ, ಡ್ಯಾಮಿನ ಹಿನ್ನೀರಿನಲ್ಲಿ, ಮೀನಿನ ಗುತ್ತಿಗೆದಾರ ಕಾಶಿನಾಥನ ಯಂತ್ರದ ದೋಣಿ ಹೊಳಿಯಪ್ಪನ ತೆಪ್ಪದ ಮೇಲೆ ಹಾದುಹೋಯಿತು. ಹೊಳಿಯಪ್ಪನ ಹೆಣ ಮೂರನೆಯ ದಿನ ಸಿಕ್ಕಿತು. ಕುಡಿದ ಅಮಲಿನಲ್ಲಿ ತೆಪ್ಪ ಮಗುಚಿಕೊಂಡು ಸತ್ತ ಎಂದು ಪೊಲೀಸರು ಬರೆದರು.

ಅದಾಗಿ ತಿಂಗಳು ಕಳೆದ ಮೇಲೆ ಕಾಶಿನಾಥ ಮೀನುಗಾರರ ಕ್ಯಾಂಪಿಗೆ ಬಂದ. ಬಂದವನು ದುರುಗಪ್ಪನ ಗುಡಿಸಲಿನ ಮುಂದೆ ಗಾಡಿ ನಿಲ್ಲಿಸಿ, ಇಳಿದು, ಬೋರಲು ಹಾಕಿದ್ದ ತೆಪ್ಪದ ಮೇಲೆ ಕುಳಿತು ಚಹಾ ಕೇಳಿದ. ಒಲೆಯ ಮುಂದಿದ್ದ ದುರುಗಪ್ಪನ ಹೆಂಡತಿ ಯಮನೂರಮ್ಮನಿಗೆ ತಳಮಳ ಶುರುವಾದದ್ದು ಅಲ್ಲಿಂದಲೇ. ಹನ್ನೆರಡು ವರ್ಷದಿಂದ ಈ ದಂಡೆಯ ಮೇಲಿದ್ದಾಳೆ. ಸಾವಕಾರ ಗಾಡಿಯ ಗಾಜು ಇಳಿಸಿ ಮಾತಾಡಿದ್ದನ್ನು ನೋಡಿದ್ದಳು, ಗಾಡಿ ಬಿಟ್ಟು ಇಳಿದದ್ದನ್ನು ನೋಡಿರಲಿಲ್ಲ. ಅವರ ಮನೆಯ ಲೋಟಕ್ಕೆ ಅವನು ತುಟಿ ಹಚ್ಚಿದ್ದಂತೂ ಇಲ್ಲವೇ ಇಲ್ಲ.

"ದುರುಗಪ್ಪಾ, ಸಮುದ್ರ ನೋಡಿಯೇನಲೇ?"

"ಎಲ್ಲಿ ಸಮುದ್ರ ರೀ ಸಾವ್ಕಾರ್ರ. ಈ ಡ್ಯಾಮ್ ತುಂಬಿದ್ರ ನಮಗ ಇದ ಸಮುದ್ರ."

"ಅಂಡಮಾನಿಗೆ ಹೊಂಟೀವಿ. ನಾನು, ಗಂಗಾವತಿ ರೈಸ್ ಮಿಲ್ಲಿನ ದೋಸ್ತ, ಕುಷ್ಟಗಿ ದಾಳಿಂಬ್ರಿ ತ್ವಾಟದ ಗೌಡ್ರು. ಮೀನ ಹಿಡಿಯೂ ಬೋಟು ಎಂಟ ದಿನ ಪೂರಾ ನಮಗ ಬಾಡಿಗಿ. ಮುಂಜಾನಿಂದ ಸಂಜಿ ಮಟ ಗಾಳ ಹಾಕೂದು, ಸಿಕ್ಕಿದ್ದನ್ನ ಅಲ್ಲೇ ಸುಟ್ಟು ತಿನ್ನೂದು. ನಮಗ್ಯಾರಿಗೂ ಮೀನ ಹಿಡಿಯಾಕ ಬರಂಗಿಲ್ಲ ನೋಡು. ನಿನ್ನ ಕರಕೊಂಡ ಹೋಗಬೇಕಂತ ಮಾಡೀನಿ. ಇಮಾನದಾಗ."

ದುರುಗಪ್ಪ ನಕ್ಕ. ಚೇಷ್ಟೆ ಅಂದುಕೊಂಡ. ಸಾವಕಾರ ನಗಲಿಲ್ಲ ಎಂದು ಗೊತ್ತಾದಾಗ ಅವನ ಬಾಯಿ ತೆರೆದದ್ದು ತೆರೆದೇ ಇತ್ತು.

"ಅಲ್ಲಿ ಮೀನ ಹಿಡಿಯಾವ್ರು ಇರಂಗಿಲ್ಲೇನ್ರಿ?" ಯಮನೂರಮ್ಮ ಒಲೆಯ ಮುಂದಿನಿಂದಲೇ ಕೇಳಿದಳು. "ಇಲ್ಲಿಂದ ಒಯ್ಯಬೇಕೇನು?"

"ನಿನ್ನ ಹೇಣ್ತಿ ವಕೀಲಕಿ ಆಗಬೇಕಾಗಿತ್ತಲೋ," ಎಂದು ಕಾಶಿನಾಥ ದುರುಗಪ್ಪನ ಬೆನ್ನು ತಟ್ಟಿದ. ಅವಳ ಕಡೆ ತಿರುಗಲಿಲ್ಲ. ಅವಳ ಕಡೆ ತಿರುಗಿ ಮಾತಾಡುವ ಪದ್ಧತಿ ಅವನಿಗಿರಲಿಲ್ಲ. "ಗಂಡಸರ ಟೂರು ಇದು. ಹೆಂಗಸರು ಯಾರೂ ಇಲ್ಲ. ಹದಿನೇಳಕ್ಕ ಊರು ಬಿಡೂದು. ಆಧಾರ್ ಕಾರ್ಡು, ಎರಡು ಫೋಟೋ ರೆಡಿ ಇಟಗೋ."

ಗಾಡಿ ಹೋಯಿತು. ಕ್ಯಾಂಪಿನ ಮಂದಿ ಬಂದು ಸುತ್ತ ನೆರೆದರು. ಸಮುದ್ರದ ನೀರು ಉಪ್ಪಂತ, ಹಂಗಾರ ಮೀನಿಗೆ ಉಪ್ಪು ಹಚ್ಚೂದು ಉಳೀತು ಬಿಡಪಾ ಎಂದು ಒಬ್ಬ ಅಂದ. ಇಮಾನದ ಕಿಡಿಕ್ಯಾಗ ಕೈ ಹೊರಗ ಹಾಕಬ್ಯಾಡೋ ಎಂದು ಇನ್ನೊಬ್ಬ. ದುರುಗಪ್ಪ ಎಲ್ಲರ ಮಾತಿಗೂ ನಕ್ಕ. ನಲವತ್ತು ವರ್ಷ ನೀರಿನ ಮೇಲೆಯೇ ಬದುಕಿದವನು, ಕೊಪ್ಪಳ ಬಿಟ್ಟರೆ ಗಂಗಾವತಿ, ಗಂಗಾವತಿ ಬಿಟ್ಟರೆ ತಂಗಿಯನ್ನು ಕೊಟ್ಟ ಅಳವಂಡಿ. ಅವನ ಆಸೆಯನ್ನು ಯಮನೂರಮ್ಮ ಹಳಿಯಲಾರಳು. ಆದರೆ ಆಸೆ ಹಚ್ಚಿದವನು ಯಾರು, ಯಾಕೆ ಹಚ್ಚಿದ ಎಂಬುದು ಅವಳಿಗೆ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು.

ಎರಡು ದಿನ ಬಿಟ್ಟು ಯಂಕೇಶ ಬಂದ. ಯಂಕೇಶ ಕಾಶಿನಾಥನ ಅಕ್ಕನ ಮಗ, ಯಂತ್ರದ ದೋಣಿ ಓಡಿಸುವವನು. ಆ ಸೋಮವಾರವೂ ಓಡಿಸಿದವನು ಅವನೇ. ಚಕ್ರವಿರುವ ದೊಡ್ಡ ಬ್ಯಾಗು ಎಳೆದುಕೊಂಡು ಬಂದು ಕಲ್ಲುಮಣ್ಣಿನ ಅಂಗಳದಲ್ಲಿ ಬಿಚ್ಚಿದ. ತೆಂಗಿನ ಗಿಡದ ಚಿತ್ರವಿರುವ ಅಂಗಿ ಮೂರು. ಮೊಣಕಾಲಿನ ತನಕ ಬರುವ ಚಡ್ಡಿ. ಕರಿ ಕನ್ನಡಕ, ಟೊಪ್ಪಿಗೆ. ಬಿಸಿಲು ತಾಗದಿರಲೆಂದು ಮೈಗೆ ಹಚ್ಚಿಕೊಳ್ಳುವ ಮುಲಾಮು.

"ಇದನ್ನ ಹಚಗೊಂಡ್ರ ಕರ್ರಗಾಗಂಗಿಲ್ಲ, ಕಾಕಾ."

"ಆಗೂದು ಇನ್ನ ಏನ್ ಉಳದೈತೋ ತಮ್ಮಾ," ಎಂದ ದುರುಗಪ್ಪ.

ಯಂಕೇಶ ಗಾಳದ ಕೋಲೊಂದನ್ನೂ ತಂದಿದ್ದ. ಹಿಡಿಕೆಯ ಹತ್ತಿರ ಚಕ್ರ, ಚಕ್ರಕ್ಕೆ ನೂಲು. ಹಿನ್ನೀರಿನ ದಂಡೆಗೆ ಹೋಗಿ ಬೀಸಿ ನೋಡಿದಾಗ ದುರುಗಪ್ಪನ ಗಾಳ ಅವನದೇ ತಲೆಯ ಪಟಕಕ್ಕೆ ಸಿಕ್ಕಿಕೊಂಡಿತು. ಮಂದಿ ಬಿದ್ದು ಬಿದ್ದು ನಕ್ಕರು. "ಸಿಕ್ಕರ ಫೋಟೋ ತಕ್ಕೊಂಡು ಮತ್ತ ನೀರಿಗೆ ಬಿಡಬೇಕು, ಕಾಕಾ. ಅಲ್ಲಿ ಹಂಗ ಪದ್ಧತಿ," ಎಂದು ಯಂಕೇಶ ತಿಳಿಸಿ ಹೇಳಿದ. ಯಮನೂರಮ್ಮ ಕೇಳಿಸಿಕೊಂಡಳು. ಸುಟ್ಟು ತಿನ್ನುತ್ತೇವೆ ಎಂದು ಮಾವ ಹೇಳುತ್ತಾನೆ, ಬಿಟ್ಟುಬಿಡುತ್ತೇವೆ ಎಂದು ಅಳಿಯ ಹೇಳುತ್ತಾನೆ. ಬಿಡುವ ಮೀನಿಗೆ ಬಲೆಯವನು ಯಾಕೆ ಬೇಕು?

ಬ್ಯಾಗಿನ ತಳದಲ್ಲಿ ಕಿತ್ತಳೆ ಬಣ್ಣದ ದಪ್ಪ ಜಾಕೀಟು ಇತ್ತು. ಅವಳು ಅದನ್ನು ಎತ್ತಿ ಹಿಡಿದಳು.

"ನೀರಾಗ ಮುಳುಗದಂಗ ಹಾಕ್ಕೊಳ್ಳೂದು, ಕಾಕು," ಎಂದ ಯಂಕೇಶ. "ಅದಿಲ್ದ ಬೋಟ್ ಹತ್ತಸಂಗಿಲ್ಲ. ಕಾನೂನು ಐತಿ."

ಕ್ಯಾಂಪಿನವರು ನಾಲ್ಕು ವರ್ಷದಿಂದ ಗುತ್ತಿಗೆದಾರನಿಗೆ ಇದನ್ನೇ ಕೇಳುತ್ತ ಬಂದಿದ್ದರು. ಮುಂದಿನ ಸಲ ನೋಡೋಣ, ಮುಂದಿನ ಸಲ ನೋಡೋಣ ಎಂಬುದೇ ಅವನ ಉತ್ತರ.

"ಹೊಳಿಯಪ್ಪಣ್ಣಗ ಈ ಕಾನೂನು ಇರಲಿಲ್ಲೇನಪಾ?"

ಯಂಕೇಶ ಫೋನು ತೆಗೆದು ನೋಡಿದ. ಫೋನು ಬಂದಿರಲಿಲ್ಲ. ಆದರೂ ಕಿವಿಗೆ ಹಚ್ಚಿಕೊಂಡು ಗಾಡಿಯ ಕಡೆ ನಡೆದ.

ಗಂಗಾವತಿಯ ಟ್ರಾವೆಲ್ಸ್ ಅಂಗಡಿಗೆ ಕಾಗದಪತ್ರ ಕೊಡಲು ದುರುಗಪ್ಪ ಹೊರಟಾಗ, ಬಲೆಯ ನೂಲು ತರುವುದಿದೆ ಎಂದು ಯಮನೂರಮ್ಮ ಬೆನ್ನು ಹತ್ತಿದಳು. ಅಂಗಡಿಯ ಶಾನವಾಜ ಸಭ್ಯ ಮನುಷ್ಯ. ಇಬ್ಬರಿಗೂ ಕುರ್ಚಿ ಕೊಟ್ಟ, ನೀರು ತರಿಸಿದ. ಆಧಾರ್ ಕಾರ್ಡಿನ ಫೋಟೋ ಹೊಡೆದುಕೊಳ್ಳುತ್ತ ಒಂದು ಮಾತು ಹೇಳಿಯೇಬಿಟ್ಟ.

"ವಾಂತಿ ಗುಳಿಗಿ ಎರಡು ಹಾಳಿ ಜಾಸ್ತಿ ಇಟಗೋರಿ ಭಾಯಿ. ಈಗ ಅಲ್ಲಿ ಮಳಿ, ಸಮುದ್ರ ಹುಚ್ಚೆದ್ದು ಕುಂತೈತಿ. ಬೋಟಿನವ್ರು ಖುದ್ದು ಹೇಳಿದ್ರು, ಜನವರಿಗೆ ಬರ್ರಿ, ಈಗ ಬಂದ್ರ ಎಂಟ ದಿನದಾಗ ಮೂರ ದಿನ ನೀರಿಗೆ ಇಳದ್ರ ಪುಣ್ಯ ಅಂತ. ನಾ ಸಾವ್ಕಾರ್ರಿಗೆ ಹೇಳ್ದೆ. ಕೇಳಬೇಕಲ್ಲ."

"ಏನಂದ್ರು ರೀ?" ಯಮನೂರಮ್ಮ ಕೇಳಿದಳು.

"ಸಮುದ್ರಾ ಸಿಗಲಿ ಬಿಡಲಿ, ಹದಿನೇಳಕ್ಕ ಊರು ಬಿಡಬೇಕು, ಇಪ್ಪತ್ತನಾಲ್ಕಕ್ಕ ಮೊದಲು ತಿರಗಿ ಬರಬಾರದು ಅಂದ್ರು. ರೈಸ್ ಮಿಲ್ಲಿನ ಸೇಠ್ ಅಂತೂ ಸಿಟ್ಟಿಗೆದ್ದಾರ. ಜನವರಿದು ಮಾತಾಗಿತ್ತು ಅವರದು, ಸಾವ್ಕಾರ್ರು ಒಮ್ಮೆಲೆ ಸೆಪ್ಟೆಂಬರಿಗೆ ಎಳದ್ರು."

ಬಸ್ಸಿನಲ್ಲಿ ಬರುವಾಗ ಯಮನೂರಮ್ಮ ಕಿಟಕಿಯ ಹೊರಗಿನ ಭತ್ತದ ಗದ್ದೆ ನೋಡುತ್ತ ಕುಳಿತಳು. ಹದಿನೇಳು. ಇಪ್ಪತ್ತನಾಲ್ಕು. ನಡುವೆ ಏನಿದೆ? ಯಾವ ಹಬ್ಬವೂ ಅವಳಿಗೆ ನೆನಪಾಗಲಿಲ್ಲ.

ಮರುದಿನ ತಳಕಲ್ಲಿನಿಂದ ಮುದುಕಮ್ಮ ಬಂದಳು, ಹೊಳಿಯಪ್ಪನ ಹೆಂಡತಿ. ದಿನಕರ್ಮ ಮುಗಿದ ಮೇಲೆ ಅಣ್ಣ ಅವಳನ್ನು ತವರಿಗೆ ಕರೆದೊಯ್ದಿದ್ದ. ಸೆರಗಿನ ಗಂಟು ಬಿಚ್ಚಿ ಮಡಿಸಿದ ಕಾಗದ ಕೊಟ್ಟಳು. "ಊರಿನ ತಳವಾರ ಮನಿಗೇ ತಂದು ಕೊಟ್ಟ, ಯವ್ವಾ. ನಿಮಗೂ ಬಂದಿರಬೇಕಲ್ಲ?"

ಯಮನೂರಮ್ಮ ಏಳನೇ ತರಗತಿ ಪಾಸು. ಬೆರಳಿಟ್ಟುಕೊಂಡು ಓದಿದಳು. ಹೊಳಿಯಪ್ಪನ ಸಾವಿನ ಬಗ್ಗೆ ಮರುವಿಚಾರಣೆ. ಸೆಪ್ಟೆಂಬರ್ ಹತ್ತೊಂಬತ್ತು, ಬೆಳಿಗ್ಗೆ ಹನ್ನೊಂದು, ಕೊಪ್ಪಳದ ಅಸಿಸ್ಟೆಂಟ್ ಕಮಿಷನರ್ ಸಾಹೇಬರ ಕಚೇರಿ. ಹಾಜರಿರಬೇಕಾದ ಸಾಕ್ಷಿ: ದುರುಗಪ್ಪ, ವೃತ್ತಿ ಮೀನುಗಾರಿಕೆ. ಬೇರೆ ಹೆಸರಿರಲಿಲ್ಲ.

ಅವರಿಗೆ ನೋಟೀಸು ಬಂದಿರಲಿಲ್ಲ. ಬರುವುದಾದರೂ ಹೇಗೆ? ಕ್ಯಾಂಪಿನ ಗುಡಿಸಲುಗಳಿಗೆ ನಂಬರಿಲ್ಲ. ಇಲ್ಲಿಯ ಟಪ್ಪಾಲೆಲ್ಲ ಬೀಳುವುದು ಗುತ್ತಿಗೆದಾರನ ಮೀನಿನ ಶೆಡ್ಡಿನಲ್ಲಿ.

"ಆ ದಿನ ನನಗ ಜ್ವರ ಬರಬಾರದಾಗಿತ್ತು," ಎಂದಳು ಮುದುಕಮ್ಮ. ಬಂದಾಗಲೆಲ್ಲ ಅದೇ ಮಾತು. "ನಾ ತೆಪ್ಪದಾಗ ಇದ್ರ ಬೋಟ್ ಬರೂದ ನೋಡ್ತಿದ್ದೆ."

ಅದು ನಿಜ. ತೆಪ್ಪ ಒಬ್ಬರ ಕೆಲಸವಲ್ಲ. ಗಂಡಸು ಅಂಚಿಗೆ ಬಗ್ಗಿ ಬಲೆ ಎಳೆಯುತ್ತಾನೆ, ಅವನ ಕಣ್ಣು ನೀರಿನ ಒಳಗೆ. ಹೆಂಗಸು ಕೈಯಲ್ಲಿ ಹುಟ್ಟು ಹಿಡಿದು ಕೂರುತ್ತಾಳೆ, ಅವಳ ಕಣ್ಣು ನಾಲ್ಕೂ ದಿಕ್ಕಿಗೆ. ಗಾಳಿ ಎಲ್ಲಿಂದ, ತೆರೆ ಎಲ್ಲಿಂದ, ಯಾರ ತೆಪ್ಪ ಎಲ್ಲಿದೆ ಎಂದು ನೋಡುವವಳು ಅವಳು. ಹೊಳಿಯಪ್ಪ ಅವತ್ತು ಒಬ್ಬನೇ ಬಗ್ಗಿ ಬಲೆ ಎಳೆಯುತ್ತಿದ್ದ.

ಸಂಜೆ ಗಂಡ ಬಂದೊಡನೆ ಯಮನೂರಮ್ಮ ಕಾಗದವನ್ನು ಓದಿ ಹೇಳಿದಳು. ದುರುಗಪ್ಪ ಅವಳಿಗೆ ಮೊದಲು ಸೋದರಮಾವ, ಆಮೇಲೆ ಗಂಡ. ಇವತ್ತಿಗೂ ಕರೆಯುವುದು ಮಾವಾ ಎಂದೇ.

"ಈಗ ತಿಳೀತೇನು ಮಾವಾ, ಸಾವ್ಕಾರ ನಿನ್ನ ಯಾಕ ಇಮಾನ ಹತ್ತಸ್ತಾನಂತ?"

ದುರುಗಪ್ಪ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತ. "ನನಗ ಗೊತ್ತೈತಿ," ಎಂದ.

ಅವಳು ಟೊಪ್ಪಿಗೆಯನ್ನು ಅವನ ಕೈಯಿಂದ ಕಸಿದು ಬದಿಗಿಟ್ಟಳು.

"ಶೆಡ್ಡಿನಾಗ ಹೇಳ್ಯಾನ. ಬಂದಿ ಅಂದ್ರ ಸಮುದ್ರ. ಬರಲಿಲ್ಲಂದ್ರ ಬಲಿ ಹಾಕೂ ಪಾಸು ಕ್ಯಾನ್ಸಲ್. ಪಾಸಿಲ್ದ ಈ ದಂಡಿ ಮ್ಯಾಲೆ ಏನ್ ಮಾಡೂದು ನಾವು? ನೀರು ನೋಡಿಕೋತ ಕುಂದ್ರೂದೇನು?"

"ಠಾಣೇದಾಗ ಹೇಳಿದ್ದನ್ನ ಸಾಹೇಬ್ರ ಮುಂದ ಇನ್ನೊಮ್ಮೆ ಹೇಳಿದ್ರ ಮುಗೀತಲ್ಲ."

"ನಾ ಏನ್ ಹೇಳ್ಳಿ?" ಅವನ ದನಿ ಏರಿತು. "ಆಗ ನಾ ನಮ್ಮ ತೆಪ್ಪದಾಗ ಬಗ್ಗಿದ್ನಲ್ಲಬೇ. ಸಪ್ಪಳ ಕೇಳಿ ತಲಿ ಎತ್ತೂದ್ರಾಗ ತೆಪ್ಪಾನೂ ಇಲ್ಲ, ಅವನೂ ಇಲ್ಲ. ನೋಡಿದಾಕಿ ನೀನು. ಯಂಕೇಶ ಫೋನ್ ನೋಡಿಕೋತ ಬೋಟ್ ಬಿಟ್ಟಿದ್ದು, ಹೊಳಿಯಪ್ಪ ಕೈ ಎತ್ತಿದ್ದು, ಎಲ್ಲಾ ನೋಡಿದಾಕಿ ನೀನು. ನೀ ಹೇಳಿದ್ದನ್ನ ನಾ ಅಲ್ಲಿ ಒಪ್ಪಿಸಿದೆ. ಸಾಹೇಬ್ರು ತಿರಗಾಮುರಗಾ ಕೇಳಿದ್ರ ನನ್ನ ಬಾಯಿ ಬಿದ್ದ ಹೊಕ್ಕತಿ."

ಅದೂ ನಿಜ. ಠಾಣೆಯಲ್ಲಿ ಇಬ್ಬರೂ ಹೋಗಿ ನಿಂತಿದ್ದರು. ಮೀನ ಹಿಡಿಯಾಂವ ಯಾರು ಎಂದು ಕೇಳಿದರು. ದುರುಗಪ್ಪ ಎಂದರು. ಅವನ ಹೆಸರು ಬರೆದುಕೊಂಡು, ನೀ ಹೊರಗ ಕುಂದ್ರವಾ ಎಂದು ಅವಳನ್ನು ಕಳಿಸಿದರು. ಹನ್ನೆರಡು ವರ್ಷ ದಿನಕ್ಕೆ ಎರಡು ಹೊತ್ತು ತೆಪ್ಪ ನಡೆಸಿದವಳು ಮೀನುಗಾರಳಲ್ಲ, ಮೀನುಗಾರನ ಹೆಂಡತಿ. ಪಾಸು ಅವನ ಹೆಸರಿಗೆ, ಸೊಸೈಟಿಯ ಪುಸ್ತಕ ಅವನ ಹೆಸರಿಗೆ, ಹೇಳಿಕೆಯೂ ಅವನ ಹೆಸರಿಗೆ. ಕಾಶಿನಾಥ ಶೆಡ್ಡಿಗೆ ಬಂದ ನೋಟೀಸನ್ನು ಓದಿಕೊಂಡು, ಅದರಲ್ಲಿದ್ದ ಒಂದೇ ಹೆಸರಿಗೆ ಸಮುದ್ರ ಕೊಡಿಸಲು ಹೊರಟಿದ್ದ.

ಯಮನೂರಮ್ಮ ಆಮೇಲೆ ಜಗಳಾಡಲಿಲ್ಲ. ಮೂರು ಅಂಗಿಯನ್ನೂ ಮಡಿಸಿ ಬ್ಯಾಗಿನಲ್ಲಿಟ್ಟಳು, ವಾಂತಿ ಗುಳಿಗೆಯನ್ನು ಕೈಗೆ ಸಿಗುವಂತೆ ಬದಿಯ ಜೇಬಿಗೆ ಹಾಕಿದಳು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಅದನ್ನು ನೋಡಲಾರದೆ ದುರುಗಪ್ಪ ಎರಡು ಸಲ ಎದ್ದು ಹೊರಗೆ ಹೋಗಿ ಬಂದ.

ಹದಿನೇಳರ ಬೆಳಿಗ್ಗೆ ಗಾಡಿ ಬಂತು. ಕಾಶಿನಾಥನ ಮೈಮೇಲೂ ತೆಂಗಿನ ಗಿಡದ ಅಂಗಿ. ಹಿಂದಿನ ಸೀಟಿನಲ್ಲಿ ಯಂಕೇಶ ಕರಿ ಕನ್ನಡಕ ಹಾಕಿಕೊಂಡು ಕುಳಿತಿದ್ದ. ದುರುಗಪ್ಪ ಹೆಂಡತಿಯ ಮುಖ ನೋಡದೆ ಹೋಗಿ ಅವನ ಪಕ್ಕದಲ್ಲಿ ಕುಳಿತ. ಮಂದಿ ದಂಡೆಯ ಮೇಲೆ ನಿಂತು ನೋಡಿದರು. ಈಗ ಯಾರೂ ಚೇಷ್ಟೆ ಮಾಡಲಿಲ್ಲ.

ಡಿಕ್ಕಿಯ ಬಾಗಿಲು ಹಾಕಿ ಕಾಶಿನಾಥ ಗುಡಿಸಲಿನ ಕಡೆ ಬೆರಳು ಮಾಡಿದ. "ಏ ತಂಗಿ, ಯಾರರ ಕಚೇರಿಯವ್ರು ಹುಡುಕ್ಕೊಂಡು ಬಂದ್ರ, ಗಂಡ ದುಡಿಯಾಕ ಹೋಗ್ಯಾನ, ಯಾವಾಗ ಬರ್ತಾನೋ ಗೊತ್ತಿಲ್ಲ ಅನ್ನು. ಅಷ್ಟ ಅನ್ನು, ಸಾಕು."

"ಅನ್ನಂಗಿಲ್ರಿ."

ಗಾಡಿಯ ಬಾಗಿಲಿನ ಮೇಲಿದ್ದ ಅವನ ಕೈ ನಿಂತಿತು. "ಏನಂದಿ?"

"ಅನ್ನಂಗಿಲ್ಲ ಅಂದೆ. ಹತ್ತೊಂಬತ್ತಕ್ಕ ಕಚೇರಿಯವ್ರು ಇಲ್ಲಿಗೆ ಬರೂದ್ಯಾಕ್ರಿ, ನಾನ ಅಲ್ಲಿಗೆ ಹೊಕ್ಕೀನಿ. ಮುದುಕಮ್ಮನ ಜೋಡಿ."

ಕಾಶಿನಾಥ ನಕ್ಕ. "ಹೋಗಿ ಏನ್ ಹೇಳ್ತೀಬೇ? ನಿನ್ನ ಹೆಸರ ಎಲ್ಲೈತಿ ಅದರಾಗ?" ಗಾಡಿಯೊಳಗೆ ಬಗ್ಗಿದ. "ಏನೋ ದುರುಗಪ್ಪಾ, ಏನ್ ಇದು ಇಕೀದು?"

ದುರುಗಪ್ಪ ತೊಡೆಯ ಮೇಲಿನ ಬುತ್ತಿಯ ಗಂಟು ನೋಡುತ್ತಿದ್ದ. ತಲೆ ಎತ್ತಿದ.

"ನೋಡಿದಾಕಿ ಆಕಿ ರೀ, ಸಾವ್ಕಾರ್ರ. ನಾ ಬಲಿ ಎಳಿಯಾಕ ಬಗ್ಗಿದ್ದೆ. ಹುಟ್ಟು ಆಕಿ ಕೈಯಾಗಿತ್ತು."

ಯಂಕೇಶ ಕನ್ನಡಕ ತೆಗೆದ. ಕಾಶಿನಾಥ ಗಾಡಿಯೊಳಗಿನ ಗಂಡಸನ್ನು ನೋಡಿದ. ಆಮೇಲೆ ನೆಟ್ಟಗೆ ನಿಂತು ಯಮನೂರಮ್ಮನನ್ನು ತಲೆಯಿಂದ ಕಾಲಿನ ತನಕ ನೋಡಿದ. ಹನ್ನೆರಡು ವರ್ಷದಲ್ಲಿ ಅವಳನ್ನು ನೋಡಿದ್ದು ಅದೇ ಮೊದಲು. ಫೋನು ತೆಗೆದು ಗಂಗಾವತಿಗೆ ಹಚ್ಚಿದ.

"ಶಾನವಾಜ, ಇನ್ನೊಂದು ಟಿಕೀಟ್ ತಗಿ. ಹೌದು, ಇವತ್ತಿಂದ. ಹೆಣ್ಣಾಳು. ಎಷ್ಟರ ಆಗಲಿ, ತಗಿ." ಫೋನಿಟ್ಟು, ದನಿ ಸಣ್ಣಗೆ ಮಾಡಿಕೊಂಡು, ಗಾಡಿಯ ಮುಂದಿನ ಬಾಗಿಲನ್ನು ತಾನೇ ತೆರೆದು ಹಿಡಿದ. "ನೀನೂ ಬಾರವಾ ತಂಗಿ. ನಿನಗೂ ಸಮುದ್ರ ತೋರಸ್ತೀನಿ. ಗಂಡನ ಜೋಡಿ ಎಂಟ ದಿನ ಆರಾಮ ಇದ್ದು ಬರಾಕಂತಿ. ಮುಂದಿನ ಸೀಟು ನಿಂದು. ಹತ್ತು."

ಯಮನೂರಮ್ಮ ಕದಲಲಿಲ್ಲ.

"ಹತ್ತಬೇ, ಇಮಾನ ತಪ್ಪತೈತಿ. ನಿನ್ನ ಗಂಡನ ಪಾಸು ನನ್ನ ಕೈಯಾಗೈತಿ, ನೆನಪಿರಲಿ. ಹತ್ತು!"

"ನಾ ಹತ್ತಂಗಿಲ್ಲ," ಎಂದಳು ಯಮನೂರಮ್ಮ.