ಫೈಲುಗಳು ಕೂತಿದ್ದ ಕುರ್ಚಿ

"ನನ್ ತಲೇಲಿ ಬರೀ ಸಗಣಿ ತುಂಬಿದೆಯಂತೆ ಅಮ್ಮಾ."

ಹಾಗೆಂದವರು ಹೆಡ್‌ಮೇಡಂ. ಅದನ್ನು ನಮ್ಮ ಮಾತಿನಲ್ಲಿ ನನಗೆ ಹೇಳಿದವಳು ಏಳು ವರ್ಷದ ನನ್ನ ಮಗಳು. ನನಗೆ ಶಾಲೆಯ ಭಾಷೆ ಬಾರದು, ಮೇಡಂಗೆ ನಮ್ಮದು ಬಾರದು. ಹಾಗಾಗಿ ಮಗಳು ತನಗೆ ಬಿದ್ದ ಬೈಗುಳವನ್ನು ತಾನೇ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಮೇಡಂ ಎದುರಿನ ಕುರ್ಚಿಯಲ್ಲಿ ಫೈಲುಗಳು ಕೂತಿದ್ದವು. ನಾವು ನಿಂತಿದ್ದೆವು.

"ಇನ್ನೇನಂತೆ?"

"ನಿಮ್ ಕಾಡುಮಾತಿಂದ್ಲೇ ನಾನು ಕೆಟ್ಟಿದ್ದಂತೆ. ಮನೇಲೂ ಶಾಲೆ ಭಾಷೇನೇ ಮಾತಾಡ್ಬೇಕಂತೆ. ಒಂದ್ ತಿಂಗಳಲ್ಲಿ ಸರಿಹೋಗ್ದಿದ್ರೆ ಮೂಗು ಸೋರೋ ಮಕ್ಕಳ ಕ್ಲಾಸಿಗೆ ಇಳಿಸ್ತಾರಂತೆ."

ಅಷ್ಟು ಹೇಳುವಾಗ ಅವಳ ಗದ್ದ ನಡುಗಿತು. ನಾನು ಒಪ್ಪಿದವಳಂತೆ ತಲೆಯಾಡಿಸಿ ಬಂದೆ.

ಶಾಲೆಯ ಭಾಷೆ ನನಗೆ ಪೂರಾ ಗೊತ್ತಿಲ್ಲವೆಂದಲ್ಲ. ನಾನೂ ನನ್ನ ನಾದಿನಿಯೂ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಆರು ವರ್ಷದಿಂದ ಮೈ ಮುರಿಯುತ್ತಿದ್ದೇವೆ. ಅಲ್ಲಿನ ಮೇಲ್ವಿಚಾರಕ ಅದೇ ಭಾಷೆಯವನು. ನಾವಿಟ್ಟ ಹೆಸರು ಗೂಳಿ. ಅವನ ಗುಟುರು ಕೇಳಿ ಕೇಳಿ ನಮಗದು ಬಾಯಿಪಾಠವಾಗಿತ್ತು. ಇದ್ದ ಆ ಬೈಗುಳದ ಬಂಡವಾಳವನ್ನೇ ಮನೆಗೆ ತಂದೆವು.

ಮರುದಿನ ಬೆಳಿಗ್ಗೆ ಮಗಳ ಹೊದಿಕೆ ಎಳೆದು, ಸೊಂಟದ ಮೇಲೆ ಕೈಯಿಟ್ಟು ಶಾಲೆಯ ಭಾಷೆಯಲ್ಲಿ ಅಬ್ಬರಿಸಿದೆ: "ಎದ್ದೇಳೇ ಸೋಮಾರಿ ಕತ್ತೆ! ಇದೇನು ನಿಮ್ಮಪ್ಪನ ಮನೇನಾ?"

ಅದು ಅವರಪ್ಪನ ಮನೆಯೇ ಆಗಿತ್ತು. ಅವರಪ್ಪ ಪಕ್ಕದಲ್ಲೇ ಹಲ್ಲುಜ್ಜುತ್ತ ನಿಂತಿದ್ದವನು ಗಾಬರಿಯಲ್ಲಿ ನೊರೆ ನುಂಗಿಬಿಟ್ಟ.

ಊಟಕ್ಕೆ ಕೂತರೆ ನಾದಿನಿ, "ಬೇಗ ಕೈ ಆಡ್ಸೆ, ಗಡಿಯಾರ ನೋಡು!" ಎಂದು ಕೂಗುವಳು. ಮಗಳು ಕಕ್ಕಸಿಗೆ ಹೋದರೆ ನಾನು ಬಾಗಿಲು ಗುದ್ದಿ, "ಎರಡೇ ನಿಮಿಷ! ಮೂರಾದ್ರೆ ನಾಳೆಯಿಂದ ಬರ್ಬೇಡ!" ಎನ್ನುವೆ. ನಾನೂ ನಾದಿನಿಯೂ ಬಿದ್ದು ಬಿದ್ದು ನಗುತ್ತಿದ್ದೆವು.

ಒಂದು ಸಂಜೆ ಮಗಳು ಮೊಣಕೈ ತರಚಿಕೊಂಡು ಅಳುತ್ತ ಬಂದಳು. ಸಮಾಧಾನ ಹೇಳಲು ಬಾಯಿ ತೆರೆದೆ. ಆ ಭಾಷೆಯಲ್ಲಿ ನನ್ನ ಹತ್ತಿರ ಒಂದು ಒಳ್ಳೆಯ ಮಾತೂ ಇರಲಿಲ್ಲ. ಆರು ವರ್ಷದಲ್ಲಿ ಯಾರೂ ನನಗೆ ಅಂಥದ್ದನ್ನು ಹೇಳಿರಲಿಲ್ಲ. ಸುಮ್ಮನೆ ಗಾಯಕ್ಕೆ ಊದಿದೆ. ಶಾಲೆಯಿಂದ ಬಂದೊಡನೆ ವಟವಟ ಎನ್ನುತ್ತಿದ್ದ ಹುಡುಗಿ ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡಳು.

ತಿಂಗಳಾದ ಮೇಲೆ ಮೇಡಂ ಕರೆಸಿ, ಮನೆಯಲ್ಲಿ ಕಲಿತದ್ದನ್ನು ಹೇಳೆಂದರು. ಮಗಳು ಥೇಟು ನನ್ನಂತೆ ಸೊಂಟದ ಮೇಲೆ ಕೈಯಿಟ್ಟಳು.

"ಎದ್ದೇಳೇ ಸೋಮಾರಿ ಕತ್ತೆ! ಕೂತೂ ಕೂತೂ ಅಂಡು ಬೇರು ಬಿಟ್ಟಿದೆ! ಇದೇನು ನಿಮ್ಮಪ್ಪನ ಮನೇನಾ?"

ಒಂದೂ ತಪ್ಪಿಲ್ಲ. ಗೂಳಿ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದ. ಮೇಡಂ ಅರ್ಧ ಎದ್ದೇಬಿಟ್ಟಿದ್ದರು. ಆಮೇಲೆ ತಾವು ಯಾರೆಂದು ನೆನಪಾಗಿ ಧೊಪ್ಪನೆ ಕೂತು ಕೂಗಾಡಿದರು.

"ಏನಂತೆ?"

"ನಂಗೆ ಭಾಷೆ ಬರೋದೇ ಇಲ್ವಂತೆ. ನಾಳೆಯಿಂದ ಕೆಳಗಿನ ಕ್ಲಾಸಂತೆ." ಮಗಳು ಬಿಕ್ಕಿದಳು.

ಆಗ ನನ್ನ ದಡ್ಡ ತಲೆಗೆ ಹೊಳೆಯಿತು. "ಭಾಷೆ ಬರ್ದೇ ಇದ್ರೆ, ಅವ್ರು ಬೈದಿದ್ದನ್ನೆಲ್ಲ ನಂಗೆ ಹೇಳ್ತಾ ಇರೋಳು ಯಾರು? ಅವ್ರನ್ನೇ ಕೇಳು ಕಂದಾ."

ಕೇಳಿದಳು. ನಾನು ಫೈಲುಗಳನ್ನೆತ್ತಿ ನೆಲಕ್ಕಿಟ್ಟು, ಕುರ್ಚಿಯಲ್ಲಿ ಕೂತು, ಮಗಳನ್ನು ತೊಡೆಗೆಳೆದುಕೊಂಡೆ. ಮೊಣಕೈಯ ಕಲೆ ಸವರಿದೆ.

"ನನ್ ಚಿನ್ನಾ, ತಿಂಗಳಿಂದ ಶಾಲೇಲಿ ಏನೇನಾಯ್ತು, ಎಲ್ಲಾ ಹೇಳು. ನಮ್ ಮಾತಲ್ಲೇ ಹೇಳು. ನಿನ್ನ ಇದೇ ಕ್ಲಾಸಲ್ಲಿ ಬಿಡೋವರ್ಗೂ ನಾನು ಇಲ್ಲಿಂದ ಅಲ್ಲಾಡಲ್ಲ."

"ಎದ್ದೇಳು!" ಮೇಡಂ ಮೇಜು ಗುದ್ದಿದರು.

ಆ ಭಾಷೆಯಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವ ಮಾತು ಅದು. ಮಗಳು ಅದನ್ನೂ ನನಗೆ ಹೇಳಲು ಬಾಯಿ ತೆರೆದಳು.

"ಬೇಡ," ಎಂದೆ. "ನಮ್ಮಮ್ಮಂಗೆ ಭಾಷೆ ಬರಲ್ಲ ಅಂತ ಹೇಳು."